ಹಾರ್ಡ್ ಡಿಸ್ಕ್ ಬದಲಿಸಿದ ಮೇಲೆ ವಿಂಡೋಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತರಹದವು: ಹಾರ್ಡ್ ಡಿಸ್ಕ್ ಕೈಕೊಟ್ಟಿದೆ, ಹೊಸದು ಹಾಕಬೇಕು ಅಥವಾ ಹಾಕಿ ಆಗಿದೆ, ಮುಂದೇನು? ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನಷ್ಟೇ ಎತ್ತಿಕೊಂಡಿದ್ದೇವೆ.

ಮಗಳ ಲ್ಯಾಪ್‌ಟಾಪ್ 2018ರದ್ದು. ಎಂಟನೇ ಜನರೇಶನ್ ಐ5, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಈಚೆಗೆ ಆನ್ ಆಗಲು ಹತ್ತು ನಿಮಿಷ ಹಿಡಿಯುತ್ತದೆ, ಒಳಗಿನಿಂದ ಟಿಕ್ ಟಿಕ್ ಸದ್ದು ಬೇರೆ. ಅಂಗಡಿಯಲ್ಲಿ ತೋರಿಸಿದ್ದಕ್ಕೆ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕ್) ಹಾಕಬೇಕು, ವಿಂಡೋಸ್‌ಗೆ ಬೇರೆಯೇ ದುಡ್ಡು ಎಂದರು. ಕೊಳ್ಳುವಾಗ ನಮಗೆ ಸಿಡಿ ಗಿಡಿ ಏನೂ ಕೊಟ್ಟಿಲ್ಲ. ಮೊದಲಿದ್ದ ವಿಂಡೋಸನ್ನೇ ಮತ್ತೆ ಹಾಕಿಕೊಳ್ಳಲು ಆಗುವುದಿಲ್ಲವೇ? ಮನೆಯಲ್ಲೇ ಮಾಡಬಹುದೇ?
(ಓದುಗರು, ಬದಿಯಡ್ಕ)

ಆಗುತ್ತದೆ. ಡಿಸ್ಕ್ ಕಳಚಿ ಹಾಕುವ ಕೆಲಸಕ್ಕೆ ಅಂಗಡಿಯವರು ಕೂಲಿ ಕೇಳಿದರೆ ನ್ಯಾಯ, ವಿಂಡೋಸ್‌ನ ಹೆಸರಿನಲ್ಲಿ ಕೇಳಿದರೆ ಕೊಡಬೇಡಿ. ವಿಂಡೋಸ್ 8 ಬಂದ ನಂತರ, ವಿಂಡೋಸ್ ಹಾಕಿಯೇ ಮಾರಿದ ಲ್ಯಾಪ್‌ಟಾಪ್‌ಗಳಲ್ಲಿ ಅದರ ಕೀ (ಲೈಸೆನ್ಸ್ ಸಂಖ್ಯೆ) ಇರುವುದು ಮದರ್‌ಬೋರ್ಡಿನ ಬಯಾಸ್ ಚಿಪ್ಪಿನೊಳಗೆ, ಅಂದರೆ ಆನ್ ಮಾಡಿದೊಡನೆ ಮೊದಲು ಓಡುವ ತಂತ್ರಾಂಶ ಕೂತಿರುವ ಚಿಪ್ಪಿನಲ್ಲಿ. ಡಿಸ್ಕ್ ಹೋದರೂ ಕೀ ಹೋಗುವುದಿಲ್ಲ. ಮದರ್‌ಬೋರ್ಡನ್ನೇ ಬದಲಿಸಿದರೆ ಮಾತ್ರ ಲೈಸೆನ್ಸ್‌ನ ತಕರಾರು ಏಳುತ್ತದೆ.

ಆದರೆ ನೀವು ಮೊದಲು ಚಿಂತಿಸಬೇಕಾದ್ದು ವಿಂಡೋಸ್ ಬಗ್ಗೆ ಅಲ್ಲ, ಆ ಟಿಕ್ ಟಿಕ್ ಸದ್ದಿನ ಬಗ್ಗೆ. ಡಿಸ್ಕಿನ ಓದುವ ಹೆಡ್ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಹಿಂದಿರುಗುವಾಗ ಆ ಸದ್ದು ಬರುತ್ತದೆ. ಇಂಥ ಡಿಸ್ಕ್ ಇನ್ನೆಷ್ಟು ಹೊತ್ತು ಓಡುತ್ತದೆಂದು ಯಾರೂ ಹೇಳಲಾರರು, ಆದ್ದರಿಂದ ಆ ಹೊತ್ತನ್ನು ಪೂರ್ತಿ ನಕಲು ಮಾಡುವುದಕ್ಕೇ ಮೀಸಲಿಡಿ. ಚೆಕ್‌ಡಿಸ್ಕ್ ಓಡಿಸಬೇಡಿ, ಡಿಫ್ರಾಗ್ ಬೇಡ, ವೈರಸ್ ಸ್ಕ್ಯಾನ್ ಬೇಡ. ಅವೆಲ್ಲ ಇಡೀ ಡಿಸ್ಕನ್ನು ಉಜ್ಜಿ ಓದುತ್ತವೆ, ಸಾಯುತ್ತಿರುವ ಡಿಸ್ಕ್ ಅಲ್ಲೇ ಸತ್ತುಹೋಗುತ್ತದೆ. ಮಗಳ ಪ್ರಾಜೆಕ್ಟು, ಅಡಿಕೆ ತೋಟದ ಲೆಕ್ಕ, ಆಧಾರ್ ಸ್ಕ್ಯಾನ್ ಇಂಥ ಸಣ್ಣ ಆದರೆ ಮತ್ತೆ ಸಿಗದ ಫೈಲುಗಳನ್ನು ಮೊದಲು ಎತ್ತಿಕೊಳ್ಳಿ. ಫೋಟೋಗಳು ಆಮೇಲೆ, ಸಿನಿಮಾಗಳು ಕೊನೆಗೆ. ಒಂದು ಫೋಲ್ಡರಿನಲ್ಲಿ ಸಿಕ್ಕಿಬಿದ್ದರೆ ಅಲ್ಲೇ ಕಾಯುತ್ತ ಕೂರದೆ ಬಿಟ್ಟು ಮುಂದಿನದಕ್ಕೆ ಹೋಗಿ.

ವಿಂಡೋಸ್ ಒಳಗೆ ಹೋಗುವುದೇ ಕಷ್ಟವಾದರೆ ಡಿಸ್ಕನ್ನು ಕಳಚಿ, ಯುಎಸ್‌ಬಿ–ಸಾಟಾ ಕೇಬಲ್ ಹಾಕಿ ಬೇರೆ ಕಂಪ್ಯೂಟರಿಗೆ ಚುಚ್ಚಿ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿಗೆ ಬೇರೆ ಅಡಾಪ್ಟರ್ ಬೇಕಾಗುವುದಿಲ್ಲ, ಯುಎಸ್‌ಬಿಯ ಕರೆಂಟೇ ಸಾಕು. ಆಗ ಅದು 48 ಅಂಕಿಗಳ ರಿಕವರಿ ಕೀ ಕೇಳಿದರೆ ಗಾಬರಿಯಾಗಬೇಡಿ. ಹೋಮ್ ಆವೃತ್ತಿಯಲ್ಲೂ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿಗೆ ಹಾಕುವ ಗುಪ್ತ ಬೀಗ) ತಾನಾಗಿ ಆನ್ ಆಗಿರುತ್ತದೆ. ಮಗಳು ಯಾವ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗುತ್ತಿದ್ದಳೋ ಅದೇ ಅಕೌಂಟನ್ನು ಬ್ರೌಸರಿನಲ್ಲಿ ತೆರೆದು, ಡಿವೈಸಸ್ ಪುಟಕ್ಕೆ ಹೋದರೆ ಕೀ ಅಲ್ಲಿ ಸಿಗುತ್ತದೆ. ಆ ಅಕೌಂಟಿನ ಪಾಸ್‌ವರ್ಡ್ ಮರೆತಿದ್ದರೆ ಡಿಸ್ಕ್ ಕಳಚುವ ಮೊದಲೇ ಸರಿಮಾಡಿಕೊಳ್ಳಿ. ಲ್ಯಾಪ್‌ಟಾಪ್ ಜೊತೆಗೆ ಆಫೀಸ್ ಹೋಮ್ ಆ್ಯಂಡ್ ಸ್ಟೂಡೆಂಟ್ ಬಂದಿದ್ದರೆ ಅದರ ಲೈಸೆನ್ಸ್ ಕೂಡ ಆ ಅಕೌಂಟಿಗೇ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಿಸಿದವರು ಕಳೆದುಕೊಳ್ಳುವುದು ಹೆಚ್ಚಾಗಿ ಈ ಆಫೀಸನ್ನೇ, ವಿಂಡೋಸನ್ನಲ್ಲ.

ಇನ್ನು ಎಸ್‌ಎಸ್‌ಡಿ ಆಯ್ಕೆ. ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರಬೇಕಾದರೆ 7 ಮಿ.ಮೀ. ದಪ್ಪದ, ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತನ್ನಿ. ಹಳೆಯ ಡಿಸ್ಕಿಗಿರುವ ತಗಡಿನ ಬ್ರಾಕೆಟ್ಟನ್ನೂ ಅದರ ಸ್ಕ್ರೂಗಳನ್ನೂ ಬಿಚ್ಚಿ ಹೊಸದಕ್ಕೆ ಹಾಕಬೇಕು. ಆ ಕಾಲದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಂ.2 ಸ್ಲಾಟ್ (ಪಟ್ಟಿಯಾಕಾರದ ಎಸ್‌ಎಸ್‌ಡಿ ಕೂರುವ ಜಾಗ) ಒಂದು ಖಾಲಿ ಇರುವುದುಂಟು. ಅಲ್ಲಿಗೆ ಕೊಳ್ಳುವುದಾದರೆ ಜಾಗ್ರತೆ: ಎಂ.2ರಲ್ಲಿ ಸಾಟಾ, ಎನ್‌ವಿಎಂಇ ಎಂದು ಎರಡು ಜಾತಿ. ನೋಡಲು ಒಂದೇ ತರಹದ ಪಟ್ಟಿ, ಆದರೆ ಸಾಟಾದ್ದಕ್ಕೆ ಸಾಮಾನ್ಯವಾಗಿ ತುದಿಯಲ್ಲಿ ಎರಡು ಕಚ್ಚು, ಎನ್‌ವಿಎಂಇಗೆ ಒಂದೇ. ಸಾಟಾ ಮಾತ್ರ ಗೊತ್ತಿರುವ ಸ್ಲಾಟಿಗೆ ಎನ್‌ವಿಎಂಇ ಚುಚ್ಚಿದರೆ ಅದು ಕೂರುತ್ತದೆ, ಕಾಣುವುದಿಲ್ಲ. ಉದ್ದವೂ ನೋಡಬೇಕು. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನುವಲ್ ಸಿಕ್ಕರೆ ಇದೆಲ್ಲ ಅದರಲ್ಲೇ ಇರುತ್ತದೆ.

ಅಡಿ ಮುಚ್ಚಳದ ಸ್ಕ್ರೂಗಳು ಒಂದೇ ಉದ್ದದವಲ್ಲ. ಉದ್ದದ್ದನ್ನು ಗಿಡ್ಡದರ ತೂತಿಗೆ ತಿರುಪಿದರೆ ಮೇಲಿನ ಕೀಬೋರ್ಡಿನ ಹತ್ತಿರ ಗುಳ್ಳೆ ಏಳುತ್ತದೆ. ರಟ್ಟಿನ ಮೇಲೆ ಮುಚ್ಚಳದ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ಒಂದೆರಡು ಸ್ಕ್ರೂ ರಬ್ಬರ್ ಪಾದದ ಅಡಿಯಲ್ಲಿ ಅಡಗಿರುತ್ತವೆ, ಮುಚ್ಚಳ ಏಳದಿದ್ದರೆ ಬಲ ಹಾಕುವ ಮೊದಲು ಅಲ್ಲಿ ನೋಡಿ. ಮುಚ್ಚಳ ತೆಗೆದೊಡನೆ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು.

ವಿಂಡೋಸ್ ಪೆನ್‌ಡ್ರೈವ್ ಮಾಡಲು ಕನಿಷ್ಠ 8 ಜಿಬಿಯ ಪೆನ್‌ಡ್ರೈವ್, ಇನ್ನೊಂದು ವಿಂಡೋಸ್ ಕಂಪ್ಯೂಟರ್, ಒಳ್ಳೆಯ ಇಂಟರ್‌ನೆಟ್ ಬೇಕು. ಮೈಕ್ರೋಸಾಫ್ಟ್ ಸೈಟಿನಿಂದ ವಿಂಡೋಸ್ 11ರ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ ಓಡಿಸಿದರೆ ಉಳಿದದ್ದನ್ನು ಅದೇ ಮಾಡುತ್ತದೆ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ನೇರವಾಗಿ 11ನ್ನೇ ಹಾಕುವುದು ಲೇಸು. ನಿಮ್ಮ ಎಂಟನೇ ಜನರೇಶನ್ ಐ5ಗೆ ಅದು ಅಧಿಕೃತವಾಗಿಯೇ ಸಲ್ಲುತ್ತದೆ, ವಿಂಡೋಸ್ 10ರ ಕೀ 11ಕ್ಕೂ ನಡೆಯುತ್ತದೆ. ಈ ಕಂಪ್ಯೂಟರಿಗೆ 11 ಸಲ್ಲದು ಎಂದು ಸಂದೇಶ ಬಂದರೆ ಬಯಾಸ್ ಒಳಗೆ ಟಿಪಿಎಂ ಅಥವಾ ಇಂಟೆಲ್ ಪಿಟಿಟಿ ಎಂಬ ಭದ್ರತಾ ವ್ಯವಸ್ಥೆ ಆಫ್ ಆಗಿರಬಹುದು, ಆನ್ ಮಾಡಿ. ಸೆಕ್ಯೂರ್ ಬೂಟ್ ಕೂಡ ನೋಡಿ.

ಪೆನ್‌ಡ್ರೈವ್ ಚುಚ್ಚಿ ಪವರ್ ಒತ್ತಿದ ಕೂಡಲೆ ಬೂಟ್ ಮೆನು ಕೀಯನ್ನು ಪಟಪಟ ಒತ್ತುತ್ತಿರಿ. ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸೂಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೆಲಸ ಮಾಡದಿದ್ದರೆ ಎಫ್2 ಒತ್ತಿ ಬಯಾಸಿಗೆ ಹೋಗಿ ಆ ಮೆನುವನ್ನು ಮೊದಲು ಆನ್ ಮಾಡಬೇಕು. ಪಟ್ಟಿಯಲ್ಲಿ ಪೆನ್‌ಡ್ರೈವಿನ ಹೆಸರು ಎರಡು ಸಲ ಕಂಡರೆ ಯುಇಎಫ್‌ಐ ಎಂದಿರುವುದನ್ನೇ ಆರಿಸಿ. ಕೀ ಕೇಳಿದಲ್ಲಿ "ನನ್ನ ಬಳಿ ಕೀ ಇಲ್ಲ" ಎಂಬ ಅರ್ಥದ ಸಾಲನ್ನು ಒತ್ತಿ. ಸಾಮಾನ್ಯವಾಗಿ ಅದು ಕೇಳುವುದೇ ಇಲ್ಲ, ಬಯಾಸಿನಿಂದ ಓದಿಕೊಂಡು ತಾನೇ ಹೋಮ್ ಆವೃತ್ತಿ ಹಾಕಿಬಿಡುತ್ತದೆ. ಆವೃತ್ತಿ ಆರಿಸಲು ಕೇಳಿದರೆ ಮೊದಲಿದ್ದದ್ದನ್ನೇ ಆರಿಸಿ. ಹೋಮ್ ಕೀಗೆ ಪ್ರೊ ಹಾಕಿದರೆ ಆ್ಯಕ್ಟಿವೇಟ್ ಆಗುವುದಿಲ್ಲ.

ಡಿಸ್ಕ್ ತೋರಿಸುವ ಪರದೆಯಲ್ಲಿ ಹೊಸ ಎಸ್‌ಎಸ್‌ಡಿ "ಅನ್‌ಅಲೊಕೇಟೆಡ್" ಎಂದು ಒಂದೇ ಸಾಲಾಗಿ ಕಾಣಬೇಕು. ಅದನ್ನು ಆರಿಸಿ ನೆಕ್ಸ್ಟ್ ಒತ್ತಿದರೆ ಸಾಕು, ಬೇಕಾದ ಸಣ್ಣ ಪಾರ್ಟಿಶನ್‌ಗಳನ್ನು ಅದೇ ಕತ್ತರಿಸಿಕೊಳ್ಳುತ್ತದೆ. ಮೊದಲೇ ನಾವು ಸಿ, ಡಿ ಎಂದು ಹಂಚಲು ಹೋಗುವುದು ಬೇಡ. ಎಸ್‌ಎಸ್‌ಡಿ ಬೇರೆಲ್ಲೋ ಬಳಸಿದ್ದಾಗಿದ್ದು, ಎಂಬಿಆರ್ (ಹಳೆಯ ಬಗೆಯ ಪಾರ್ಟಿಶನ್ ಪದ್ಧತಿ) ಡಿಸ್ಕ್ ಆದ್ದರಿಂದ ಹಾಕಲಾಗದು ಎಂಬ ಸಂದೇಶ ಬಂದರೆ ಶಿಫ್ಟ್ ಹಿಡಿದು ಎಫ್10 ಒತ್ತಿ. ಕಪ್ಪು ಕಿಟಕಿಯಲ್ಲಿ ಡಿಸ್ಕ್‌ಪಾರ್ಟ್, ಆಮೇಲೆ ಲಿಸ್ಟ್ ಡಿಸ್ಕ್, ಸೆಲೆಕ್ಟ್ ಡಿಸ್ಕ್ 0, ಕ್ಲೀನ್, ಕನ್ವರ್ಟ್ ಜಿಪಿಟಿ ಎಂದು ಒಂದೊಂದಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಕ್ಲೀನ್ ಎಂದರೆ ಗುಡಿಸಿ ಹಾಕುವುದೇ. ಸೆಲೆಕ್ಟ್ ಮಾಡುವ ಮೊದಲು ಡಿಸ್ಕಿನ ಗಾತ್ರ ನೋಡಿ, ಆಗ 0 ಯಾವುದು 1 ಯಾವುದು ಎಂಬ ಗೊಂದಲ ಇರುವುದಿಲ್ಲ. ಹಳೆಯ ಡಿಸ್ಕನ್ನು ಆ ಹೊತ್ತಿಗೆ ಲ್ಯಾಪ್‌ಟಾಪಿಗೆ ಚುಚ್ಚಿಯೇ ಇರಬಾರದು.

ಪಟ್ಟಿಯಲ್ಲಿ ಡಿಸ್ಕೇ ಕಾಣದಿದ್ದರೆ? ನಿಮ್ಮದಕ್ಕೆ ಆ ತೊಂದರೆ ಬರಲಿಕ್ಕಿಲ್ಲ. ಇಂಟೆಲ್ ಹನ್ನೊಂದನೇ ಜನರೇಶನ್ ಮತ್ತು ಅದರ ನಂತರದ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆಯಿಂದ ಹೀಗಾಗುತ್ತದೆ. ಕಂಪನಿಯ ಸೈಟಿನಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಡಿಸಿ ಪೆನ್‌ಡ್ರೈವಿಗೆ ಹಾಕಿಕೊಂಡು "ಲೋಡ್ ಡ್ರೈವರ್" ಒತ್ತಿ ತೋರಿಸಿದರೆ ಡಿಸ್ಕ್ ಬರುತ್ತದೆ.

ಮೊದಲ ರೀಸ್ಟಾರ್ಟ್ ಆಗುವಾಗ ಪೆನ್‌ಡ್ರೈವ್ ಕಿತ್ತುಬಿಡಿ. ಇಲ್ಲವಾದರೆ ಕೆಲವು ಲ್ಯಾಪ್‌ಟಾಪ್‌ಗಳು ಮತ್ತೆ ಅದರಿಂದಲೇ ಬೂಟ್ ಆಗಿ ಭಾಷೆ ಕೇಳುವ ಮೊದಲ ಪರದೆಗೆ ಮರಳುತ್ತವೆ, ಕೆಟ್ಟಿತೆಂದು ಜನ ಇನ್ನೊಮ್ಮೆ ಫಾರ್ಮ್ಯಾಟ್ ಹೊಡೆಯುತ್ತಾರೆ. ಮುಂದೆ ವೈಫೈ ಕೇಳುವಲ್ಲಿ ಯಾವ ನೆಟ್‌ವರ್ಕೂ ಕಾಣದಿದ್ದರೆ ವೈಫೈ ಡ್ರೈವರ್ ಇಲ್ಲವೆಂದು ಅರ್ಥ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವಿಂಡೋಸ್ ಅದನ್ನು ಡ್ರೈವರ್ ಇಲ್ಲದೆಯೂ ಗುರುತಿಸುತ್ತದೆ. ಎಲ್ಲ ಮುಗಿದ ಮೇಲೆ ವಿಂಡೋಸ್ ಅಪ್‌ಡೇಟನ್ನು ಎರಡು ಮೂರು ಸುತ್ತು ಓಡಿಸಿದರೆ ಬಹುತೇಕ ಡ್ರೈವರ್‌ಗಳು ಬಂದುಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಆ್ಯಕ್ಟಿವೇಶನ್ ತೆರೆದು "ಆ್ಯಕ್ಟಿವ್" ಎಂದಿದೆಯೇ ನೋಡಿ.

ಇನ್ನೊಂದು ಮಾತು. ತುಲಾ ತಿಂಗಳ ಸಂಜೆ ಸಿಡಿಲಿನ ಹೊತ್ತಿಗೆ ಈ ಕೆಲಸಕ್ಕೆ ಕೂರಬೇಡಿ. ಬ್ಯಾಟರಿ ತುಂಬ ಚಾರ್ಜ್ ಇರಲಿ, ಬೆಳಗ್ಗೆಯೇ ಮುಗಿಸಿ.

ಡೆಸ್ಕ್‌ಟಾಪಿನ 1 ಟಿಬಿ ಡಿಸ್ಕಿನಿಂದ 480 ಜಿಬಿ ಎಸ್‌ಎಸ್‌ಡಿಗೆ ವಿಂಡೋಸ್ ಕ್ಲೋನ್ (ಇದ್ದಂತೆಯೇ ನಕಲು) ಮಾಡಿದೆ. ಎರಡೂ ಚುಚ್ಚಿದ್ದರೆ ಬೂಟ್ ಆಗುತ್ತದೆ. ಹಳೆಯದನ್ನು ತೆಗೆದರೆ ಬೂಟ್ ಡಿವೈಸ್ ಇಲ್ಲ ಎನ್ನುತ್ತದೆ. ಏನು ತಪ್ಪಿದೆ?
(ಓದುಗರು, ತಾಳವಾಡಿ)

ನೀವು ಸಿ ಡ್ರೈವ್ ಮಾತ್ರ ನಕಲು ಮಾಡಿದ್ದೀರಿ. ವಿಂಡೋಸನ್ನು ಎಬ್ಬಿಸುವ ಕಡತಗಳು ಸಿ ಒಳಗಿರುವುದಿಲ್ಲ. ಡ್ರೈವ್ ಅಕ್ಷರವಿಲ್ಲದ ಬೇರೆ ಸಣ್ಣ ಪಾರ್ಟಿಶನ್‌ನಲ್ಲಿ ಇರುತ್ತವೆ. ಹೊಸ ಬಯಾಸ್‌ನಲ್ಲಿ ಅದರ ಹೆಸರು ಇಎಫ್‌ಐ ಸಿಸ್ಟಮ್, ಹಳೆಯದರಲ್ಲಿ ಸಿಸ್ಟಮ್ ರಿಸರ್ವ್ಡ್. ಅದು ಹಳೆಯ ಡಿಸ್ಕಿನಲ್ಲೇ ಉಳಿದಿದೆ.

ಸುಲಭದ ದಾರಿ ಇನ್ನೊಮ್ಮೆ ಕ್ಲೋನ್ ಮಾಡುವುದು, ಈ ಬಾರಿ ಪಾರ್ಟಿಶನ್ ಅಲ್ಲ, ಇಡೀ ಡಿಸ್ಕನ್ನು. ದೊಡ್ಡದರಿಂದ ಸಣ್ಣದಕ್ಕೆ ಕ್ಲೋನ್ ಮಾಡಲು ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶ ಒಪ್ಪದಿದ್ದರೆ ಎಸ್‌ಎಸ್‌ಡಿಯ ಪೆಟ್ಟಿಗೆ ಮೇಲೆ ಆ ಕಂಪನಿಯದೇ ಕ್ಲೋನಿಂಗ್ ತಂತ್ರಾಂಶದ ಉಲ್ಲೇಖ ಇದೆಯೇ ನೋಡಿ, ಅವುಗಳಲ್ಲಿ ಹೆಚ್ಚಿನವು ತಾವೇ ಕುಗ್ಗಿಸಿಕೊಳ್ಳುತ್ತವೆ. ಇಲ್ಲವಾದರೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವನ್ನು ಶ್ರಿಂಕ್ ಮಾಡಿ. ಖಾಲಿ ಜಾಗ ಬೇಕಾದಷ್ಟಿದ್ದರೂ ಸ್ವಲ್ಪವೇ ಕುಗ್ಗುತ್ತದೆ ಎಂದಾದರೆ ಮಧ್ಯದಲ್ಲಿ ಅಲುಗಾಡದ ಫೈಲುಗಳು ಕೂತಿವೆ. ಹೈಬರ್ನೇಶನ್, ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ಕ್ಲೋನ್ ಆದ ಮೇಲೆ ಮೊದಲ ಸಲ ಬೂಟ್ ಮಾಡುವಾಗ ಹಳೆಯ ಡಿಸ್ಕಿನ ಕೇಬಲ್ ಕಿತ್ತಿರಲೇಬೇಕು. ಎರಡಕ್ಕೂ ಗುರುತಿನ ಸಂಖ್ಯೆ ಒಂದೇ ಆಗಿರುವುದರಿಂದ ವಿಂಡೋಸ್‌ಗೆ ಗೊಂದಲವಾಗುತ್ತದೆ.

ಎಸ್‌ಎಸ್‌ಡಿಯಲ್ಲಿ ಇಎಫ್‌ಐ ಪಾರ್ಟಿಶನ್ ಇದ್ದೂ ಬೂಟ್ ಆಗುತ್ತಿಲ್ಲ ಎಂದಾದರೆ ಮತ್ತೆ ಕ್ಲೋನ್ ಬೇಡ. ವಿಂಡೋಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಶಿಫ್ಟ್ ಎಫ್10 ಒತ್ತಿ, ಡಿಸ್ಕ್‌ಪಾರ್ಟ್‌ನಲ್ಲಿ ಲಿಸ್ಟ್ ವಾಲ್ಯೂಮ್ ನೋಡಿ. ಫ್ಯಾಟ್32 ಎಂದಿರುವ ಸಣ್ಣ ವಾಲ್ಯೂಮನ್ನು ಸೆಲೆಕ್ಟ್ ಮಾಡಿ ಅದಕ್ಕೆ ಎಸ್ ಎಂಬ ಅಕ್ಷರ ಅಸೈನ್ ಮಾಡಿ ಹೊರಬನ್ನಿ. ಬಿಸಿಡಿಬೂಟ್ ಎಂಬ ಆಜ್ಞೆಗೆ ವಿಂಡೋಸ್ ಫೋಲ್ಡರ್ ಎಲ್ಲಿದೆ, ಬೂಟ್ ಕಡತ ಯಾವ ಡ್ರೈವಿಗೆ ಹೋಗಬೇಕು ಎಂದು ಎರಡನ್ನೂ ಹೇಳಬೇಕು: ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ. ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿ. ಇಲ್ಲಿ ಎಡವುವವರು ಬಹಳ, ಏಕೆಂದರೆ ಪೆನ್‌ಡ್ರೈವಿನಿಂದ ಬೂಟ್ ಆದಾಗ ನಿಮ್ಮ ಸಿ ಡ್ರೈವ್ ಡಿ ಅಥವಾ ಇ ಆಗಿ ಕಾಣಬಹುದು. ಗಾತ್ರ ನೋಡಿ ಖಚಿತಮಾಡಿಕೊಂಡು ಆ ಅಕ್ಷರವನ್ನೇ ಬರೆಯಿರಿ.

ನೀಲಿ ಪರದೆಯಲ್ಲಿ "ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್" ಎಂದು ಬಂದರೆ ಮೊದಲು ಬಯಾಸಿನಲ್ಲಿ ಸಾಟಾ ಮೋಡ್ ನೋಡಿ. ಮುಂಚೆ ರೇಯ್ಡ್ ಇದ್ದದ್ದು ಎಎಚ್‌ಸಿಐ ಆಗಿದ್ದರೆ, ಅಥವಾ ತಿರುಗುಮುರುಗಾಗಿದ್ದರೆ, ಮೊದಲಿನಂತೆ ಮಾಡಿದರೆ ಸಾಕು.

ಹೊಸ ಎಸ್‌ಎಸ್‌ಡಿಗೆ ವಿಂಡೋಸ್ 11 ಹಾಕಿದ ಮೇಲೆ ನಮ್ಮ ಸಂಘದ ಹಳೆಯ ಕನ್ನಡ ವರ್ಡ್ ಫೈಲುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ. ಫೈಲ್ ಕೆಟ್ಟಿತೇ? ಹಳೆಯ ಡಿಸ್ಕ್ ಕೈಯಲ್ಲೇ ಇದೆ.
(ಓದುಗರು, ಜತ್ತ, ಸಾಂಗ್ಲಿ ಜಿಲ್ಲೆ)

ಕೆಟ್ಟಿಲ್ಲ. ಅವು ಯೂನಿಕೋಡ್‌ಗಿಂತ ಹಿಂದಿನ ಪದ್ಧತಿಯಲ್ಲಿ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದವು. ಅಲ್ಲಿ ಫೈಲಿನೊಳಗೆ ಇರುವುದು ನಿಜವಾಗಿ ಇಂಗ್ಲಿಷ್ ಸಂಕೇತಗಳೇ, ಫಾಂಟ್ ಅದರ ಮೇಲೆ ಕನ್ನಡದ ಆಕಾರ ಕೂರಿಸುತ್ತಿತ್ತು. ಫಾಂಟ್ ಹಳೆಯ ಡಿಸ್ಕಿನಲ್ಲಿ ಉಳಿಯಿತು, ವೇಷ ಕಳಚಿತು.

ಹಳೆಯ ಡಿಸ್ಕನ್ನು ಯುಎಸ್‌ಬಿಗೆ ಹಾಕಿ, ಅದರ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರ್ ತೆರೆದು, ನುಡಿ ಎಂದೋ ಬಿಆರ್‌ಎಚ್ ಎಂದೋ ಶುರುವಾಗುವ ಟಿಟಿಎಫ್ ಫೈಲುಗಳನ್ನು ನಕಲಿಸಿ. ಅಲ್ಲಿ ಇಲ್ಲವಾದರೆ ಬಳಕೆದಾರರ ಹೆಸರಿನ ಫೋಲ್ಡರಿನಲ್ಲಿ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ಹಾದಿಯಲ್ಲಿ ನೋಡಿ. ವಿಂಡೋಸ್ 10ರಲ್ಲಿ ಒಬ್ಬರಿಗಷ್ಟೇ ಎಂದು ಹಾಕಿದ ಫಾಂಟುಗಳು ಅಲ್ಲಿ ಕೂರುತ್ತವೆ. ಆ್ಯಪ್‌ಡೇಟಾ ಮರೆಯಾಗಿರುವ ಫೋಲ್ಡರ್, ಹಿಡನ್ ಐಟಂಸ್ ಟಿಕ್ ಮಾಡಿದರೆ ಕಾಣುತ್ತದೆ. ಹೊಸ ಕಂಪ್ಯೂಟರಿನಲ್ಲಿ ಫಾಂಟಿನ ಮೇಲೆ ರೈಟ್ ಕ್ಲಿಕ್ ಮಾಡಿ "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಕೊಡಿ, ವರ್ಡ್ ಮುಚ್ಚಿ ತೆರೆಯಿರಿ. ಮರಾಠಿಯ ಶ್ರೀಲಿಪಿ ಫೈಲುಗಳಿದ್ದರೂ ಇದೇ ಮದ್ದು.

ಹಾಗೆಯೇ ಬಿಡಬೇಡಿ. ಮುಖ್ಯವಾದ ಠರಾವುಗಳನ್ನೂ ಸದಸ್ಯರ ಪಟ್ಟಿಯನ್ನೂ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಮೂಲ ಫೈಲನ್ನು ಅಳಿಸದೆ. ಪರಿವರ್ತಕಗಳು ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಆಗಾಗ ಎಡವುತ್ತವೆ. ಮಧ್ಯದಲ್ಲಿ ಬಂದ ನಿಜವಾದ ಇಂಗ್ಲಿಷ್ ಪದಗಳನ್ನೂ ಅಂಕಿಗಳನ್ನೂ ಕನ್ನಡವೆಂದು ತಿಳಿದು ಹಾಳು ಮಾಡುವುದೂ ಉಂಟು. ಹೆಸರು, ಸರ್ವೆ ನಂಬರ್ ಇರುವ ಕಡೆ ಕಣ್ಣಿಟ್ಟು ಓದಲೇಬೇಕು.

1 ಟಿಬಿ ಎಂದು ಕೊಂಡ ಎಸ್‌ಎಸ್‌ಡಿ 931 ಜಿಬಿ ತೋರಿಸುತ್ತಿದೆ. ಮೋಸವೇ?
(ಓದುಗರು, ಮಡಕಶಿರಾ)

ಅಲ್ಲ. ಕಂಪನಿ ಜಿಬಿಗೆ ನೂರು ಕೋಟಿ ಬೈಟು ಎಂದು ಎಣಿಸುತ್ತದೆ, ವಿಂಡೋಸ್ 1,024ರ ಗುಣಾಕಾರದಲ್ಲಿ. 480 ಎಂದರೆ 447, 512 ಎಂದರೆ 476. ಹೆಸರೇ ಕೇಳದ ಬ್ರಾಂಡಿನದು ಅರ್ಧ ಬೆಲೆಗೆ ಸಿಕ್ಕಿದ್ದರೆ ಮಾತ್ರ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪರೀಕ್ಷಾ ತಂತ್ರಾಂಶ ಓಡಿಸಿ ಪೂರ್ತಿ ತುಂಬಿಸಿ ಓದಿ ನೋಡಿ.

ನಮ್ಮ ಕನ್ನಡ ಮಾಧ್ಯಮ ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಕೈಟ್‌ನವರ (ಕೇರಳದ ಶಾಲೆಗಳ ಐಟಿ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಉಬುಂಟು ಇತ್ತು. ಡಿಸ್ಕ್ ಕೆಟ್ಟು ಎಸ್‌ಎಸ್‌ಡಿ ಹಾಕಿಸಬೇಕಾಗಿದೆ. ಮತ್ತೆ ಹೇಗೆ ಹಾಕುವುದು?
(ಶಿಕ್ಷಕರು, ಕುಂಬಳೆ)

ಮೇಷ್ಟ್ರೇ, ಮುಚ್ಚಳ ಬಿಚ್ಚುವ ಮೊದಲು ವಾರಂಟಿ ಇದೆಯೇ ಎಂದು ಕೈಟ್‌ನ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಶಾಲೆಯ ಸ್ಟಾಕ್ ರಿಜಿಸ್ಟರಿನಲ್ಲಿರುವ ವಸ್ತು, ಹೊರಗಿನವರು ಬಿಚ್ಚಿದರೆ ವಾರಂಟಿ ಹೋಗಬಹುದು.

ವಾರಂಟಿ ಮುಗಿದಿದ್ದರೆ ಕೆಲಸ ವಿಂಡೋಸ್‌ಗಿಂತ ಹಗುರ. ಕೀ ಬೇಡ, ಆ್ಯಕ್ಟಿವೇಶನ್ ಬೇಡ. ಕೈಟ್‌ನ ಐಎಸ್‌ಒ ಫೈಲನ್ನು ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯಿರಿ. ಫೈಲನ್ನು ಸುಮ್ಮನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ಮೊದಲು ಇನ್‌ಸ್ಟಾಲ್ ಮಾಡದೆ "ಟ್ರೈ" ಎಂಬುದರಲ್ಲಿ ವೈಫೈ, ಸೌಂಡ್, ಪ್ರೊಜೆಕ್ಟರ್ ಪರೀಕ್ಷಿಸಿ. ಹಳೆಯ ಡಿಸ್ಕ್ ಓದುತ್ತಿದ್ದರೆ ಹೋಮ್ ಫೋಲ್ಡರನ್ನು ಪೂರ್ತಿ ಎತ್ತಿಕೊಳ್ಳಿ, ಕಂಟ್ರೋಲ್ ಎಚ್ ಒತ್ತಿದಾಗ ಕಾಣುವ, ಚುಕ್ಕೆಯಿಂದ ಶುರುವಾಗುವ ಫೋಲ್ಡರುಗಳ ಸಮೇತ. ಬ್ರೌಸರಿನ ಬುಕ್‌ಮಾರ್ಕ್ ಇತ್ಯಾದಿ ಅಲ್ಲೇ ಇರುವುದು.

ಇನ್‌ಸ್ಟಾಲ್ ಬದಲು ಕ್ಲೋನ್ ಮಾಡಿದವರಿಗೆ ಬೂಟ್ ಆಗುವಾಗ ಒಂದೂವರೆ ನಿಮಿಷ ನಿಂತು, ಕೊನೆಗೆ ಎಮರ್ಜೆನ್ಸಿ ಮೋಡ್‌ಗೆ ಹೋಗುವ ತೊಂದರೆ ಬರುತ್ತದೆ. ಈಗಿಲ್ಲದ ಪಾರ್ಟಿಶನ್ ಒಂದರ ಹೆಸರು ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಉಳಿದು, ಅದಕ್ಕಾಗಿ ಕಾಯುತ್ತಿರುತ್ತದೆ. ಆ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿದರೆ ಮುಗಿಯಿತು. ಕನ್ನಡ ಟೈಪಿಂಗಿಗೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡ ಕಗಪ ಸೇರಿಸಿ, ನುಡಿ ರೂಢಿಯವರಿಗೆ ಕೈ ಕೂಡಲೇ ಕೂರುತ್ತದೆ.

ಅಂಗಡಿಯ ಡೆಸ್ಕ್‌ಟಾಪ್ ಮೂರನೇ ಜನರೇಶನ್ ಐ3, 4 ಜಿಬಿ ರ‍್ಯಾಮ್, ವಿಂಡೋಸ್ 7. ಡಿಸ್ಕ್ ಪೂರಾ ಹೋಗಿದೆ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ಬ್ಯಾಕಪ್ ಪೆನ್‌ಡ್ರೈವಿನಲ್ಲಿದೆ. ಹೊಸ ಎಸ್‌ಎಸ್‌ಡಿಗೆ ಯಾವ ವಿಂಡೋಸ್ ಹಾಕಲಿ? ಟ್ಯಾಲಿ ಲೈಸೆನ್ಸ್ ಕಥೆಯೇನು?
(ಓದುಗರು, ಹೊಸೂರು)

ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೇ ಮುಗಿಯಿತು, 10ರದ್ದೂ ಮುಗಿದಿದೆ, 11ಕ್ಕೆ ನಿಮ್ಮ ಐ3 ಸಲ್ಲದು. ಕಸರತ್ತು ಮಾಡಿ 11 ಹಾಕಬಹುದು, ಆದರೆ ಜಿಎಸ್‌ಟಿ, ಬ್ಯಾಂಕ್ ವ್ಯವಹಾರ ನಡೆಯುವ ಕಂಪ್ಯೂಟರಿನಲ್ಲಿ ಬೇಡ. ಕೇಸಿನ ಮೇಲಿನ ವಿಂಡೋಸ್ 7 ಸ್ಟಿಕ್ಕರಿನ ಕೀ ಮೊದಲು ಹೊಸ ವಿಂಡೋಸ್‌ಗೂ ನಡೆಯುತ್ತಿತ್ತು, 2023ರಲ್ಲಿ ಮೈಕ್ರೋಸಾಫ್ಟ್ ಆ ಬಾಗಿಲು ಮುಚ್ಚಿತು. ಈ ಹಳೆಯ ಪೆಟ್ಟಿಗೆಗೆಂದು ಹೊಸ ಲೈಸೆನ್ಸ್ ಕೊಳ್ಳುವ ದುಡ್ಡನ್ನು ಎಂಟನೇ ಜನರೇಶನ್ ಅಥವಾ ನಂತರದ ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪಿಗೆ ಹಾಕಿ. ಅದರ ವಿಂಡೋಸ್ ಅದರ ಬೋರ್ಡಿನಲ್ಲೇ ಇರುತ್ತದೆ, ನಿಮ್ಮ ಹೊಸ ಎಸ್‌ಎಸ್‌ಡಿಯನ್ನು ಅದಕ್ಕೇ ಹಾಕಿಕೊಳ್ಳಬಹುದು.

ಟ್ಯಾಲಿ ಲೈಸೆನ್ಸ್ ಕಂಪ್ಯೂಟರಿಗೆ ಗಂಟುಬಿದ್ದಿರುತ್ತದೆ. ಡಿಸ್ಕ್ ಬದಲಾದರೆ ಎಜುಕೇಶನ್ ಮೋಡ್‌ಗೆ (ಲೈಸೆನ್ಸ್ ಇಲ್ಲದೆ ಕಲಿಯುವವರ ರೂಪ) ಬೀಳುತ್ತದೆ. ತಿಂಗಳ 1, 2 ಮತ್ತು ಕೊನೆಯ ತಾರೀಖು ಬಿಟ್ಟು ಬೇರೆ ದಿನಕ್ಕೆ ಎಂಟ್ರಿ ಹಾಕಲು ಬಿಡದಿದ್ದರೆ ಅದೇ ಲಕ್ಷಣ. ಡೇಟಾ ಕೆಟ್ಟಿಲ್ಲ. ಸೀರಿಯಲ್ ನಂಬರ್ ಮತ್ತು ನೋಂದಣಿ ಮಾಡಿದ ಇಮೇಲ್ ಹಿಡಿದು ಮತ್ತೆ ಆ್ಯಕ್ಟಿವೇಟ್ ಮಾಡಿದರೆ ಸರಿಹೋಗುತ್ತದೆ, ಆ ಇಮೇಲ್ ಅಕೌಂಟೆಂಟ್‌ನದೋ ನಿಮ್ಮದೋ ಈಗಲೇ ಕೇಳಿಕೊಳ್ಳಿ. ಬ್ಯಾಕಪ್ ಫೈಲನ್ನು ಡೇಟಾ ಫೋಲ್ಡರಿಗೆ ಕಾಪಿ ಮಾಡಿದರೆ ಕಂಪನಿ ಕಾಣುವುದಿಲ್ಲ, ಟ್ಯಾಲಿಯೊಳಗಿನ ರಿಸ್ಟೋರ್ ಮೂಲಕವೇ ತರಬೇಕು. ಹೊಸ ಆವೃತ್ತಿಗೆ ಮೈಗ್ರೇಟ್ ಆದ ಡೇಟಾ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ, ಆದ್ದರಿಂದ ಪೆನ್‌ಡ್ರೈವಿನ ಪ್ರತಿಯನ್ನು ಮುಟ್ಟದೆ ಇಟ್ಟು ಇನ್ನೊಂದು ನಕಲಿನಿಂದ ರಿಸ್ಟೋರ್ ಮಾಡಿ.

ಬಿಲ್ಲಿಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದ್ದರೆ, ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಕೊಳ್ಳುವಾಗ ಹಿಂಬದಿಯಲ್ಲಿ 25 ತೂತಿನ ಪ್ಯಾರಲಲ್ ಪೋರ್ಟ್ ಇದೆಯೇ ನೋಡಿ. ಇಲ್ಲವಾದರೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಿಸಿ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬರುವ ಅಗ್ಗದ ಕೇಬಲ್‌ಗಳಲ್ಲಿ ಟ್ಯಾಲಿಯ ಡಾಟ್ ಮ್ಯಾಟ್ರಿಕ್ಸ್ ಫಾರ್ಮ್ಯಾಟಿನ ಪ್ರಿಂಟ್ ಅರ್ಧಕ್ಕೆ ನಿಲ್ಲುವುದು ಸಾಮಾನ್ಯ.